ಓದಿ ಬಂದವರ ಮಾತು

ಬಾಶೆಟ್ಟಿಹಳ್ಳಿ ಎಂದರೆ ಹೊರಗಿನವರಿಗೆ ಕೈಗಾರಿಕಾ ಪ್ರದೇಶ, ಪಾಳಿ ಬಿಟ್ಟಾಗ ತುಂಬುವ ರಸ್ತೆ. ಆದರೆ ಪಕ್ಕದ ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದರಲ್ಲೇ 1954ರಲ್ಲಿ ವಿಮರ್ಶಕ ಡಿ.ಆರ್. ನಾಗರಾಜ್ ಹುಟ್ಟಿದ್ದು.

ನಮ್ಮ ಈ ಕಡೆ ಪುಸ್ತಕ ಬಿಡುಗಡೆಗಳೂ ನಡೆಯುತ್ತವೆ. ಅಲ್ಲಿ ಬಣ್ಣದ ಕಾಗದ ಬಿಚ್ಚುವುದು, ಮುಖಪುಟವನ್ನು ಎದೆಮಟ್ಟಕ್ಕೆ ಹಿಡಿದು ಫೋಟೊಗೆ ನಿಲ್ಲುವುದು, ಶಾಲು, ಹಾರ ಎಲ್ಲ ಇದ್ದದ್ದೇ. ನಾನು ಕಾಯುವುದು ಕೃತಿ ಪರಿಚಯಕ್ಕೆ. ಬೆನ್ನುಡಿಯಷ್ಟೇ ಓದಿ ಬಂದವರು ಲೇಖಕರ ಸಜ್ಜನಿಕೆಯನ್ನು ಹೊಗಳಿ ಕೂರುತ್ತಾರೆ. ಎರಡನೇ ವಾಕ್ಯಕ್ಕೇ ಗುಟ್ಟು ರಟ್ಟು. ನಿಜವಾಗಿ ಓದಿದವರ ಪ್ರತಿಯಲ್ಲಿ ಚೀಟಿಗಳು ಇಣುಕುತ್ತಿರುತ್ತವೆ. ಅವರು ಕಥೆಯನ್ನೆಲ್ಲ ಒಪ್ಪಿಸುವುದಿಲ್ಲ. ಒಂದು ಪುಟ ತೆಗೆದು, ಅಲ್ಲಿ ಭಾಷೆ ಯಾಕೆ ಬಿಗಿಯಾಯಿತು ಎಂದು ತೋರಿಸುತ್ತಾರೆ. ಇನ್ನೊಂದು ಕಡೆ ಲೇಖಕರು ತಡವರಿಸಿದ್ದಾರೆ ಎಂದೂ ಹೇಳುತ್ತಾರೆ, ಅದೂ ಲೇಖಕರ ನೆಂಟರಿಷ್ಟರೆಲ್ಲ ಮುಂದಿನ ಸಾಲಿನಲ್ಲಿ ಕೂತಿರುವಾಗ!

ಆ ದಿಟ್ಟತನ ಬೆಳೆದರೆ ವಿಮರ್ಶೆ. ನಾಗರಾಜ್ ‘ಅಮೃತ ಮತ್ತು ಗರುಡ’ ಬರೆದಾಗ ಇನ್ನೂ ಮೂವತ್ತರ ಒಳಗಿನ ಹುಡುಗ. ಅಲ್ಲಮನನ್ನೂ ದಲಿತ ಚಳವಳಿಯನ್ನೂ ಒಂದೇ ಬಿಸಿಯಲ್ಲಿ ಯೋಚಿಸಬಲ್ಲವರಾಗಿದ್ದರು. ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕಾಗಿ ‘ಅಕ್ಷರ ಚಿಂತನ’ ಮಾಲೆಯನ್ನು ಸಂಪಾದಿಸಿ ಬೇರೆಯವರ ಪುಸ್ತಕಗಳಿಗೂ ದಾರಿ ಮಾಡಿದರು. 1998ರಲ್ಲಿ ತೀರಿಕೊಂಡರು. ‘ಸಾಹಿತ್ಯ ಕಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ.

ಪರಿಚಯ ಚೆನ್ನಾಗಿ ಆದ ದಿನ ಜನ ಬಾಗಿಲ ಬಳಿಯ ಮಾರಾಟದ ಮೇಜಿಗೆ ಮೊದಲು ಹೋಗುತ್ತಾರೆ, ಉಪ್ಪಿಟ್ಟಿಗೆ ಆಮೇಲೆ.