ಕಲಿಸುವುದು ಮತ್ತು ಕಳಿಸುವುದು

ಮಂಟೇಸ್ವಾಮಿ ಕಾವ್ಯದ ಸಿದ್ದಪ್ಪಾಜಿ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಗುರು-ಶಿಷ್ಯರ ಕಥೆಯಾಗಿ ಇಲ್ಲವೇ ಜಾತಿ ಸಂಘರ್ಷದ ಕಥೆಯಾಗಿ ಓದುತ್ತೇವೆ. ಎರಡೂ ಸರಿಯಾದ ಓದುಗಳೇ. ಆದರೆ ಮನೆಗೆಲಸಕ್ಕೆ ಕೈ ಜೋಡಿಸುತ್ತ ಬೆಳೆದ ಮಗು ಯಾವಾಗ ಸ್ವತಂತ್ರವಾಗುತ್ತದೆ ಎಂಬ ಪ್ರಶ್ನೆಯನ್ನೂ ಈ ಪ್ರಸಂಗ ಕೇಳುತ್ತದೆ ಎಂಬುದು ನನ್ನ ಅನಿಸಿಕೆ.

ಕಥೆ ನಡೆಯುವುದು ಇಂದಿನ ಮಂಡ್ಯ ಜಿಲ್ಲೆಯಲ್ಲೇ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಪಾಂಚಾಳರ ಮನೆಯ ಹುಡುಗ ಕೆಂಪಾಚಾರಿ. ಅವನನ್ನು ಶಿಶುಮಗನಾಗಿ ಕೊಡಿ ಎಂದು ಮಂಟೇಸ್ವಾಮಿ ಕೇಳುತ್ತಾನೆ. ತಾಯಿ ಮುದ್ದಮ್ಮ ಒಪ್ಪುವುದಿಲ್ಲ. ಕೊನೆಗೆ ಹುಡುಗ ಗುರುವಿನ ಪಾಲಾಗಿ ಸಿದ್ದಪ್ಪಾಜಿಯಾಗುತ್ತಾನೆ. ಮುಂದೆ ಗುರು ಅವನನ್ನು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ, ಅಲ್ಲಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಲು ಕಳಿಸುತ್ತಾನೆ. ಅವರು ಕಬ್ಬಿಣ ಕೊಡದೆ ಪರೀಕ್ಷೆಗಳನ್ನು ಒಡ್ಡುತ್ತಾರೆ. ನೀಲಗಾರರು ತಂಬೂರಿ ಹಿಡಿದು ಹಾಡುವಾಗ ಪಾಠದಿಂದ ಪಾಠಕ್ಕೆ ವಿವರಗಳು ಬದಲಾದರೂ ಈ ಎಲುಬುಗೂಡು ಉಳಿಯುತ್ತದೆ.

ಕುಲುಮೆಯ ಮನೆಯ ಮಗು ತಿದಿ ಒತ್ತುತ್ತ ಕೆಲಸ ಕಲಿಯುತ್ತದೆ. ಅಂದರೆ ಕಬ್ಬಿಣ ಕೆಂಪಾಚಾರಿಗೆ ಹುಟ್ಟಿನಿಂದ ಬಂದದ್ದು. ಅದೇ ಕಬ್ಬಿಣವನ್ನು ಅವನು ತನ್ನದೇ ಕುಲದವರ ಬಾಗಿಲಲ್ಲಿ ಅಪರಿಚಿತನಂತೆ ನಿಂತು ಬೇಡಬೇಕಾಗುತ್ತದೆ. ಮನೆ ಅವನಿಗೆ ಕಲಿಸಿತು, ಆದರೆ ಕಳಿಸಲಿಲ್ಲ. ಗುರು ಕಳಿಸಿದ. ಅತ್ಯಂತ ಕಠಿಣ ಕೆಲಸಕ್ಕೆ ಹೊರಟವನನ್ನೂ ಕಾವ್ಯ ಶಿಶುಮಗ ಎಂದೇ ಕರೆಯುತ್ತದೆ. ಸ್ವತಂತ್ರನಾದವನು ಮಗುವಾಗಿಯೂ ಉಳಿಯಬಹುದು, ಅವನ ಬೆನ್ನ ಹಿಂದೆ ಒಬ್ಬರು ಇರಬೇಕು ಎಂಬ ತಿಳಿವಳಿಕೆ ಆ ಪದದಲ್ಲಿದೆ.

ಇದೇ ಸೀಮೆಯ ಮನೆಗಳಲ್ಲಿ ಇಂದಿಗೂ ಮಕ್ಕಳು ಡೈರಿಗೆ ಹಾಲು ಹಾಕಿ ಬರುತ್ತಾರೆ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾರೆ, ಕೊಟ್ಟಿಗೆ ಗುಡಿಸುತ್ತಾರೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದರೂ, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕುಟುಂಬಕ್ಕೆ ನೆರವಾಗುವುದಕ್ಕೆ ಅಪಾಯವಿಲ್ಲದ ಕೆಲಸಗಳಲ್ಲಿ ಅವಕಾಶ ಕೊಟ್ಟಿದೆ. ನೆರವು ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಗಂಟೆಯ ಲೆಕ್ಕ ಪೂರ್ತಿ ಹೇಳಲಾರದು. ಹಾಲು ಹಾಕಿ ಬಂದ ಹುಡುಗ ಡೈರಿಯ ಪುಸ್ತಕದ ಲೆಕ್ಕ ತಪ್ಪಿದೆ ಎಂದರೆ ಮನೆಯವರು ನಂಬುತ್ತಾರೆಯೇ? ನಂಬಿದರೆ ಅವನನ್ನು ಕಳಿಸಿದ್ದಾರೆ. ಇಲ್ಲದಿದ್ದರೆ ಅವನ ಕೈಕಾಲನ್ನಷ್ಟೇ ಬಳಸಿಕೊಂಡಿದ್ದಾರೆ.

ಕಾವ್ಯದ ಮಿತಿಯೂ ಇಲ್ಲೇ ಕಾಣುತ್ತದೆ. ಗುರು ಮಗುವನ್ನು ಪಡೆಯುವ ರೀತಿ ಬಲವಂತದ್ದು, ಅದರ ಬೆಲೆ ತೆತ್ತವಳು ಮುದ್ದಮ್ಮ. ಅವಳ ನಿರಾಕರಣೆಯನ್ನು ಬರೀ ಮೋಹ ಎಂದು ತಳ್ಳಿಹಾಕುವ ಓದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು, ಇಲ್ಲಿ ಮನೆ ಬಿಟ್ಟು ಬೆಳೆಯುವವನು ಗಂಡುಮಗು. ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡೇ ಅನ್ನಕ್ಕೆ ಎಸರಿಡುವ ಹುಡುಗಿಯ ಕೆಲಸಕ್ಕೆ ಪವಾಡದ ಹೆಸರಿಲ್ಲ. ಅವಳು ಎಲ್ಲವನ್ನೂ ಕಲಿತಿರುತ್ತಾಳೆ, ಅವಳನ್ನು ಎಲ್ಲಿಗೂ ಕಳಿಸುವುದಿಲ್ಲ. ಸಿದ್ದಪ್ಪಾಜಿಯ ಹಲಗೂರಿನ ದಾರಿಯನ್ನು ಮೆಚ್ಚುವ ನಾವು, ಮನೆಯೊಳಗೇ ಉಳಿದ ಈ ಹುಡುಗಿಯನ್ನೂ ಜೊತೆಗಿಟ್ಟುಕೊಂಡು ಆ ಕಾವ್ಯವನ್ನು ಓದಬೇಕು.