ಯೋಗ್ಯತೆ ಅಳೆಯೋ ಕೈ

ಅಮೆರಿಕದ ಫುಟ್ಬಾಲ್ ಬಗ್ಗೆ ಈ ಪತ್ರಿಕೆಯಲ್ಲಿ ಯಾಕೆ ಬರೀಬೇಕು ಅಂತ ಕೆಲವು ಗೆಳೆಯರು ಕೇಳಬಹುದು. ನಮ್ಮ ಹುಡುಗರು ಕಾಲಲ್ಲಿ ಒದೆಯೋ ಫುಟ್ಬಾಲ್ ಬೇರೆ. ಅಲ್ಲಿನದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ಗುದ್ದಿಕೊಂಡು ಮುನ್ನುಗ್ಗೋ ಆಟ. ಆಟದ ಸೋಲುಗೆಲುವು ನಮಗೆ ಮುಖ್ಯವಲ್ಲ. ಆಟಕ್ಕೆ ಮೊದಲು ನಡೆಯೋ ಆಯ್ಕೆ ಮುಖ್ಯ. ಒಬ್ಬನ ಯೋಗ್ಯತೆಯನ್ನು ಇನ್ನೊಬ್ಬ ಹೇಗೆ ಅಳೀತಾನೆ, ಅಳತೆಗೆ ಸಿಗದ ಕಡೆ ಏನನ್ನು ತಂದು ತುಂಬುತ್ತಾನೆ ಅನ್ನೋದು ಅಲ್ಲಿ ಬಟಾಬಯಲಾಗಿ ಕಾಣುತ್ತೆ. 'ಪ್ರತಿಭೆ' ಅನ್ನೋ ಮಾತು ಕೇಳಿ ಕೇಳಿ ಸಾಕಾಗಿರೋ ನಾವು ಇದನ್ನು ಓದಲೇಬೇಕು.

ಆ ಆಟದಲ್ಲಿ ಒಂದು ಕಡೆಗೆ ಹನ್ನೊಂದು ಜನ. ಅವರಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನೋನು ದಳಪತಿ ಇದ್ದ ಹಾಗೆ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೆ ಬರುತ್ತೆ. ಎರಡು ಮೂರು ಸೆಕೆಂಡಿನಲ್ಲಿ ಎದುರಾಳಿಗಳ ವ್ಯೂಹ ಓದಿ, ಚೆಂಡನ್ನು ಯಾರಿಗೆ ಎಸೀಬೇಕು, ಯಾರ ಕೈಗೆ ಕೊಡಬೇಕು, ಇಲ್ಲಾ ತಾನೇ ಓಡಬೇಕೇ ಅಂತ ಅವನು ತೀರ್ಮಾನಿಸಬೇಕು. ಹೆಚ್ಚು ಹಣ, ಹೆಚ್ಚು ಕೀರ್ತಿ ಈ ಜಾಗಕ್ಕೇ. ಎನ್.ಎಫ್.ಎಲ್. ಅನ್ನೋ ವೃತ್ತಿಪರ ಲೀಗಿನ 32 ತಂಡಗಳು ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಕಾಲೇಜು ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ತವೆ. ಇದಕ್ಕೆ ಡ್ರಾಫ್ಟ್ ಅಂತಾರೆ. 1936ರಲ್ಲಿ ಶುರುವಾದದ್ದು. ಅದಕ್ಕೂ ಮೊದಲು ಇಂಡಿಯಾನಾಪೊಲಿಸ್ ಊರಿನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ಅಂಗೈ ಅಗಲ ಅಳೀತಾರೆ. 40 ಗಜ ಓಡಿಸಿ ಗಡಿಯಾರ ಹಿಡೀತಾರೆ. ಹುಡುಗರನ್ನು ತೂಗಿ ನೋಡೋಕೆ ಅಂತಲೇ ತಂಡಗಳು ಸಂಬಳ ಕೊಟ್ಟು ಇಟ್ಟುಕೊಂಡ ಸ್ಕೌಟ್‌ಗಳು ವರದಿ ಬರೀತಾರೆ. ಕತೆ ಕವಿತೆಗಳ ಭಾಷೆಯನ್ನು ವಿಮರ್ಶಕ ಹೇಗೆ ಕೆದಕಿ ನೋಡ್ತಾನೋ ಹಾಗೇ ಈ ವರದಿಗಳ ಭಾಷೆಯನ್ನೂ ಕೆದಕಿ ನೋಡಬೇಕು.

ದಶಕಗಳ ಕಾಲ ಈ ಭಾಷೆಯಲ್ಲಿ ಎರಡು ಬಗೆಯ ವಿಶೇಷಣಗಳಿದ್ದವು. ಬಿಳಿ ಹುಡುಗ ಆಟವನ್ನು ಓದಬಲ್ಲವನು, ಹುಟ್ಟು ನಾಯಕ, ಶ್ರಮಜೀವಿ. ಕಪ್ಪು ಹುಡುಗ ಸಹಜ ಕ್ರೀಡಾಪಟು, ಚುರುಕು ಕಾಲಿನವನು, ಅದ್ಭುತ ಮೈಕಟ್ಟಿನವನು. ಎರಡನೆಯದೂ ಹೊಗಳಿಕೆಯ ಹಾಗೇ ಕೇಳುತ್ತೆ. ಆದರೆ ಹುನ್ನಾರ ಇರೋದು ಅಲ್ಲೇ. ಒಬ್ಬನ ಗೆಲುವು ತಲೆಯಿಂದ ಬಂತು, ಇನ್ನೊಬ್ಬನ ಗೆಲುವು ಮೈಯಿಂದ ಬಂತು ಅಂತ ಮೊದಲೇ ಬರೆದಿಟ್ಟರೆ, ತಲೆಯಿಂದ ಆಡೋ ಜಾಗ ಯಾರಿಗೆ ಅಂತ ಯಾರೂ ಕೇಳೋದೇ ಇಲ್ಲ. ಎಸೆಯೋನು ಬಿಳಿಯ, ಓಡಿ ಹಿಡಿಯೋನು ಕರಿಯ ಅನ್ನೋ ಹಂಚಿಕೆ ಆಟದ ನಿಯಮವೇ ಏನೋ ಅನ್ನೋ ಹಾಗೆ ಬೇರುಬಿಟ್ಟಿತು.

ಮಾರ್ಲಿನ್ ಬ್ರಿಸ್ಕೋ ಎಂಬ ಕಪ್ಪು ಯುವಕ 1968ರಲ್ಲಿ ಡೆನ್ವರ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ. ಐದು ಪಂದ್ಯಗಳಲ್ಲಿ ಮೊದಲಿಂದ ಆಡೋ ಅವಕಾಶ ಸಿಕ್ಕಿತು. ಆ ವರ್ಷ ಅವನ 14 ಎಸೆತಗಳು ಟಚ್‌ಡೌನ್ ಆಗಿ ತಂಡಕ್ಕೆ ಅಂಕ ತಂದವು. ಮರುವರ್ಷ ಅವನಿಗೆ ಆ ಜಾಗ ಕೊಡಲಿಲ್ಲ. ಬಫಲೋ ತಂಡಕ್ಕೆ ಹೋಗಿ, ಚೆಂಡು ಹಿಡಿಯೋ ರಿಸೀವರ್ ಆಗಿ ಬದುಕು ಕಂಡುಕೊಂಡ. ವಾರೆನ್ ಮೂನ್ 1978ರ ಜನವರಿಯಲ್ಲಿ ತನ್ನ ವಿಶ್ವವಿದ್ಯಾಲಯಕ್ಕೆ ಪ್ರತಿಷ್ಠಿತ ರೋಸ್ ಬೌಲ್ ಗೆದ್ದುಕೊಟ್ಟ. ಅದೇ ವರ್ಷದ ಡ್ರಾಫ್ಟಿನಲ್ಲಿ 12 ಸುತ್ತು ಆಯ್ಕೆ ನಡೆದರೂ ಯಾರೂ ಅವನ ಹೆಸರು ಕೂಗಲಿಲ್ಲ. ಜಾಗ ಬದಲಿಸು ಅಂದರು. ಅವನು ಒಪ್ಪಲಿಲ್ಲ. ಕೆನಡಾಕ್ಕೆ ಹೋಗಿ, 1978ರಿಂದ 1982ರವರೆಗೆ ಸತತವಾಗಿ ಐದು ಸಲ ಅಲ್ಲಿನ ಗ್ರೇ ಕಪ್ ಗೆದ್ದ ತಂಡದಲ್ಲಿದ್ದ. ಹ್ಯೂಸ್ಟನ್ ತಂಡ ಅವನನ್ನು ಕರೆದದ್ದು 1984ರಲ್ಲಿ. 2006ರಲ್ಲಿ ಆಟದ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಇವನೇ.

ಇದಕ್ಕೆ ಒಂದು ಸಿದ್ಧ ಉತ್ತರ ಇದೆ: ಪರೀಕ್ಷೆ ಎಲ್ಲರ ವಿಷಯದಲ್ಲೂ ತಪ್ಪುತ್ತೆ, ಬಿಳಿಯರ ವಿಷಯದಲ್ಲೂ. ನಿಜವೇ. ಟಾಮ್ ಬ್ರೇಡಿಯನ್ನು 2000ದಲ್ಲಿ 198 ಜನರ ಹಿಂದೆ ನಿಲ್ಲಿಸಿದ್ದರು. ಅವನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಏಳು ಸಲ ಗೆದ್ದ. ಆದರೆ ಬ್ರೇಡಿಯ ತೆಳ್ಳನೆ ಮೈ, ನಿಧಾನದ ಓಟ ಎಲ್ಲಾ ನೋಡಿಯೂ ಅವನನ್ನು ಆರಿಸಿದ್ದು ಕ್ವಾರ್ಟರ್‌ಬ್ಯಾಕ್ ಅಂತಲೇ. ಸಾಲಿನ ಕೊನೆಯಲ್ಲಿ ನಿಲ್ಲಿಸೋದು ಬೇರೆ, ಈ ಸಾಲು ನಿನ್ನದಲ್ಲ ಅನ್ನೋದು ಬೇರೆ. ಎರಡನ್ನೂ ಒಂದೇ 'ತಪ್ಪು ಲೆಕ್ಕ' ಅಂತ ಕರೆಯೋರು ಮೂನ್‌ಗೆ ಆದದ್ದನ್ನು ಮುಚ್ಚಿಡ್ತಾರೆ.

ಇದು ಹಳೇ ಕಾಲದ ಮಾತು ಅನ್ನೋರು 2018ರ ಡ್ರಾಫ್ಟನ್ನು ನೋಡಬೇಕು. ಜೋಶ್ ಅಲೆನ್ ಬಿಳಿಯ, ಲಮಾರ್ ಜಾಕ್ಸನ್ ಕರಿಯ. ಹಿಂದಿನ ಕಾಲೇಜು ಋತುವಿನಲ್ಲಿ ಅಲೆನ್ ಎಸೆದದ್ದರಲ್ಲಿ ಗುರಿ ಸೇರಿದ್ದು ನೂರಕ್ಕೆ 56, ಜಾಕ್ಸನ್‌ನದು 59. ಜಾಕ್ಸನ್ ಅದಕ್ಕೂ ಮೊದಲೇ, 2016ರಲ್ಲಿ, ಕಾಲೇಜು ಆಟದ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಪ್ರಶಸ್ತಿ ಪಡೆದಿದ್ದ. ಇಬ್ಬರ ಗುರಿಯ ಬಗ್ಗೆಯೂ ಅನುಮಾನ ಇತ್ತು. ಅಲೆನ್‌ದು ದೊಡ್ಡ ತೋಳು, ತಿದ್ದಿದರೆ ತಿದ್ದಿಕೊಳ್ತಾನೆ ಅಂತ ಏಳನೆಯವನಾಗಿ ಆರಿಸಿದರು. ಜಾಕ್ಸನ್ ರಿಸೀವರ್ ಆಗಲಿ ಅಂತ ತಂಡಗಳನ್ನು ಕಟ್ಟಿ ಹೆಸರಾಗಿದ್ದ ಬಿಲ್ ಪೋಲಿಯನ್ ಟೀವಿಯಲ್ಲೇ ಹೇಳಿದರು. ಜಾಕ್ಸನ್ 32ನೆಯವನಾಗಿ ಬಾಲ್ಟಿಮೋರ್ ಸೇರಿದ. ಆ ತಂಡ ಅವನನ್ನು ಬದಲಿಸೋ ಬದಲು ತನ್ನ ಆಟವನ್ನೇ ಅವನಿಗೆ ತಕ್ಕ ಹಾಗೆ ಕಟ್ಟಿಕೊಂಡಿತು. 2019ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಅಂತ ಒಂದು ಮತವೂ ತಪ್ಪದೆ ಅವನೇ ಗೆದ್ದ. ಪೋಲಿಯನ್ ಆಮೇಲೆ ತಮ್ಮ ಮಾತು ತಪ್ಪು ಅಂತ ಒಪ್ಪಿಕೊಂಡರು. ಅಲೆನ್ ಕೂಡ 2024ರಲ್ಲಿ ಅದೇ ಪ್ರಶಸ್ತಿ ಪಡೆದ. ಅವನ ಮೇಲೆ ಇಟ್ಟ ನಂಬಿಕೆ ಸುಳ್ಳಾಗಲಿಲ್ಲ. ಅದೇ ನಂಬಿಕೆಯನ್ನು ಜಾಕ್ಸನ್ ಮೇಲೆ ಇಡೋಕೆ ಇವರಿಗೆ ಯಾಕೆ ಕೈ ಬರಲಿಲ್ಲ ಅನ್ನೋದೇ ನಮ್ಮ ಪ್ರಶ್ನೆ.

ಅದೇ ವರ್ಷ ಮೂರನೆಯವನಾಗಿ ಆಯ್ಕೆಯಾದ ಬಿಳಿ ಹುಡುಗ ಸ್ಯಾಮ್ ಡಾರ್ನಲ್ಡ್ ನ್ಯೂಯಾರ್ಕಿನಲ್ಲಿ ಸೋತ. ಬೇರೆ ಬೇರೆ ತಂಡಗಳು ಕರೆದು ಅವಕಾಶ ಕೊಟ್ಟವು. 2024ರಲ್ಲಿ ಮಿನೆಸೋಟಾ ತಂಡಕ್ಕೆ 14 ಪಂದ್ಯ ಗೆದ್ದುಕೊಟ್ಟ. ಅವನಿಗೆ ಸಿಕ್ಕ ಅವಕಾಶಗಳ ಬಗ್ಗೆ ನಮ್ಮ ಆಕ್ಷೇಪ ಇಲ್ಲ. ಯೋಗ್ಯತೆ ಅನ್ನೋದು ಮೂಳೆಯೊಳಗೆ ಮೊದಲೇ ಕೂತಿರೋ ವಸ್ತು ಅಲ್ಲ, ಜಾಗ, ಜೊತೆಗಾರರು, ಕಲಿಸೋರು, ತಾಳ್ಮೆ ಇದ್ದರೆ ಬೆಳೆಯೋದು ಅನ್ನೋದಕ್ಕೆ ಅವನೇ ಸಾಕ್ಷಿ. ಬ್ರಿಸ್ಕೋಗೆ ಸಿಕ್ಕಿದ್ದು ಐದು ಪಂದ್ಯ.

ಇನ್ನು 'ಬುದ್ಧಿ'ಯ ಪರೀಕ್ಷೆ. ವಂಡರ್‌ಲಿಕ್ ಅನ್ನೋ ಪ್ರಶ್ನೆಪತ್ರಿಕೆ, 12 ನಿಮಿಷಕ್ಕೆ 50 ಪ್ರಶ್ನೆ. ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ವಿದ್ಯುತ್ ಕಂಪನಿ ಕಪ್ಪು ಕೂಲಿಗಳು ಮೇಲಿನ ಕೆಲಸಕ್ಕೆ ಏರದಂತೆ ತಡೆದದ್ದು ಇದೇ ಬಗೆಯ ಪರೀಕ್ಷೆಗಳಿಂದ. ಅವುಗಳಲ್ಲಿ ವಂಡರ್‌ಲಿಕ್ಕೂ ಒಂದು. ಕರಿಯರನ್ನು ಹೊರಗಿಡೋ ಪರೀಕ್ಷೆಗೂ ಮಾಡೋ ಕೆಲಸಕ್ಕೂ ಸಂಬಂಧ ತೋರಿಸಲಾಗದಿದ್ದರೆ ಅದು ಕಾನೂನುಬಾಹಿರ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲೇ ತೀರ್ಪು ಕೊಟ್ಟಿತು. ಆದರೂ ಡ್ರಾಫ್ಟಿಗೆ ಬರೋ ಹುಡುಗರ ಮುಂದೆ ಈ ಹಾಳೆ ಇಡೋದು ನಿಂತದ್ದು 2022ರಲ್ಲಿ. ಮರುವರ್ಷ ಇನ್ನೊಂದು ಪರೀಕ್ಷೆಯಲ್ಲಿ ಸಿ.ಜೆ. ಸ್ಟ್ರೌಡ್ ಎಂಬ ಕಪ್ಪು ಹುಡುಗನ ಅಂಕ ತೀರಾ ಕಮ್ಮಿ ಅಂತ ಡ್ರಾಫ್ಟಿಗೆ ಮೊದಲೇ ಪತ್ರಿಕೆಗಳಲ್ಲಿ ಬಂತು. ಅವನು ಮೊದಲ ವರ್ಷವೇ ಹೊಸಬರಿಗೆ ಕೊಡೋ ಪ್ರಶಸ್ತಿ ಗೆದ್ದ.

ಈ ಬುದ್ಧಿಯ ಲೆಕ್ಕ ಬಾಗಿಲಲ್ಲೇ ಮುಗಿಯೋದಿಲ್ಲ. ತಲೆಗೆ ಪೆಟ್ಟು ತಿಂದು ನೆನಪು ಕಳಕೊಂಡ ಹಳೇ ಆಟಗಾರರು ಲೀಗಿನ ಮೇಲೆ ದಾವೆ ಹೂಡಿ ಪರಿಹಾರ ಒಪ್ಪಂದ ಮಾಡಿಸಿಕೊಂಡರು. ಆ ಪರಿಹಾರ ತೀರ್ಮಾನಿಸೋ ಪರೀಕ್ಷೆಗಳಲ್ಲಿ ಕರಿಯರ ಬುದ್ಧಿಮಟ್ಟ ಮೊದಲಿಂದಲೂ ಕಮ್ಮಿ ಅಂತ ಹಿಡಿದುಕೊಂಡು ಲೆಕ್ಕ ಹಾಕಿದರು. ಅಂದರೆ ಒಂದೇ ಅಂಕ ಬಂದರೂ ಬಿಳಿಯನ ಮಿದುಳು ಕೆಟ್ಟಿದೆ, ಕರಿಯನದು ಇದ್ದದ್ದೇ ಅಷ್ಟು. ಇಬ್ಬರು ಕಪ್ಪು ಆಟಗಾರರು 2020ರಲ್ಲಿ ಕೋರ್ಟಿಗೆ ಹೋದ ಮೇಲೆ, 2021ರಲ್ಲಿ ಲೀಗ್ ಈ ಲೆಕ್ಕ ಬಿಡ್ತೀವಿ ಅಂತು. ಒಳಗೆ ಬರುವಾಗ ಜಾಗ ತಪ್ಪಿಸಿದ ನಂಬಿಕೆಯೇ ಹೊರಗೆ ಹೋಗುವಾಗ ಪರಿಹಾರವನ್ನೂ ತಪ್ಪಿಸಿತು.

ಈಗ ಕಾಲ ಬದಲಾಗಿದೆಯೇ? ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಮೊದಲ ಸಲ ಸೂಪರ್ ಬೌಲಿನ ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳು, ಮಹೋಮ್ಸ್ ಮತ್ತು ಹರ್ಟ್ಸ್, ನಿಂತರು. 2023, 2024, 2025 ಮೂರೂ ವರ್ಷ ಡ್ರಾಫ್ಟಿನ ಮೊದಲ ಹೆಸರು ಕಪ್ಪು ಕ್ವಾರ್ಟರ್‌ಬ್ಯಾಕ್‌ನದೇ. ಅಳೆಯೋರ ಮನಸ್ಸು ತಾನಾಗಿ ಕರಗಿ ಬಂದದ್ದಲ್ಲ ಇದು. ಮೂನ್ ಜಾಗ ಬಿಡಲಿಲ್ಲ, ಜಾಕ್ಸನ್ ಜಾಗ ಬಿಡಲಿಲ್ಲ. ಆದರೆ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕರಿಯರಿದ್ದರೂ, 2025ರ ತನಕ ಕಪ್ಪು ಮನುಷ್ಯನೊಬ್ಬ ಮುಖ್ಯ ಒಡೆಯನಾದ ತಂಡ ಒಂದೂ ಇರಲಿಲ್ಲ. ಟೇಪು ಹಿಡಿದವರ ಸಂಬಳ ಎಲ್ಲಿಂದ ಬರುತ್ತೆ ಅಂತಲೂ ನೋಡಬೇಕು.

ಆದ್ದರಿಂದ ಗೆಳೆಯರೇ, ಯಾರದೇ ಯೋಗ್ಯತಾ ವರದಿ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಿ ಆಮೇಲೆ ಓದೋಣ. ಇದರಲ್ಲಿ ಅಳೆದದ್ದು ಎಷ್ಟು, ಊಹಿಸಿದ್ದು ಎಷ್ಟು? ಒಬ್ಬನ ಕೊರತೆಯನ್ನು 'ಕಲೀತಾನೆ' ಅಂದವರು ಇನ್ನೊಬ್ಬನ ಅದೇ ಕೊರತೆಯನ್ನು ಏನಂದರು? ಸೋತ ಮೇಲೆ ಎರಡನೇ ಅವಕಾಶ ಯಾರಿಗೆ ಸಿಕ್ಕಿತು?