ಕನ್ನಡ ಆರೋಗ್ಯವಾಙ್ಮಯದಲ್ಲಿ ‘ಗುಪ್ತರೋಗ’

ರೋಗಕ್ಕೆ ಇಟ್ಟ ಹೆಸರು ರೋಗಿಯನ್ನು ವೈದ್ಯನ ಬಾಗಿಲಿಗೆ ಕರೆತಾರದಿದ್ದರೂ ಅಡ್ಡಗಟ್ಟಿ ನಿಲ್ಲಿಸಬಾರದಷ್ಟೆ. ಸಂಭೋಗದ ಮೂಲಕ ಹರಡುವ ರೋಗಗಳಿಗೆ ಕನ್ನಡದಲ್ಲಿ ರೂಢವಾಗಿರುವ ಹೆಸರುಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಿದರೆ ಅವುಗಳಲ್ಲಿ ಹೆಚ್ಚಿನವು ತೇರ್ಗಡೆಯಾಗುವುದಿಲ್ಲ.

16ನೆಯ ಶತಮಾನದ ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಸಿಫಿಲಿಸನ್ನು ‘ಫಿರಂಗರೋಗ’ವೆಂದು ಕರೆದನು; ಪರಂಗಿಯವರ ದೇಶದ್ದೆಂದು ಅದರ ಅರ್ಥ. ಇದೇ ರೋಗವನ್ನು ಇಟಲಿಯವರು ಫ್ರೆಂಚರ ರೋಗವೆಂದೂ ಫ್ರೆಂಚರು ನೇಪಲ್ಸಿನ ರೋಗವೆಂದೂ ಹೇಳಿಕೊಂಡರು. ಪಾಪವನ್ನು ನೆರೆಯವನ ಮನೆಗೆ ಸಾಗಹಾಕುವುದರಲ್ಲಿ ಎಲ್ಲ ಭಾಷೆಗಳೂ ಸಮಾನವೇ. ‘ಮೇಹ’ವೆಂಬುದು ಇನ್ನೂ ತೊಡಕಿನ ಪದ: ಶಾಸ್ತ್ರದಲ್ಲಿ ಅದು ಮಧುಮೇಹವೂ ಸೇರಿದ ಮೂತ್ರವಿಕಾರಗಳ ಹೆಸರು, ರೂಢಿಯಲ್ಲಿ ಕೀವು ಸುರಿಯುವ ಗೊನೋರಿಯಾಕ್ಕೂ ಅದೇ ಹೆಸರು. ‘ಗುಹ್ಯರೋಗ’ದಲ್ಲಿ ಗುಹ್ಯವೆಂದರೆ ಅಂಗ. ಅದು ‘ಗುಪ್ತರೋಗ’ವಾದೊಡನೆ ಹೆಸರು ಹೋಗಿ ಅಪ್ಪಣೆಯಾಯಿತು, ಬಚ್ಚಿಡು ಎಂದು. ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಈ ಪದವನ್ನು ಬರೆಯಿಸುವ ನಕಲಿ ವೈದ್ಯರ ಜೀವನವು ನಡೆಯುತ್ತಿರುವುದೇ ಈ ಅಪ್ಪಣೆಯಿಂದ.

ಮುಚ್ಚಿಡುವ ಪದಕ್ಕೆ ಜೊತೆಯಾಗಿ ದೂಷಿಸುವ ಪದವೂ ಬಂದಿತು. ಏಡ್ಸನ್ನು ಕುರಿತ ಬರಹಗಳಲ್ಲಿ ‘ಮಹಾಮಾರಿ’, ‘ಅನೈತಿಕ ಸಂಬಂಧ’ ಎಂಬ ಮಾತುಗಳು ಸಾಮಾನ್ಯವಾದುವು. ತುಮಕೂರಿನ ಸದಾಶಿವನಗರದಲ್ಲಿ ಸಂಸಾರ ನಡೆಸುತ್ತಿರುವ ಒಬ್ಬ ಗೃಹಿಣಿಯು ಇಂತಹ ಬರಹವನ್ನು ಓದುವಳೆಂದು ಭಾವಿಸಬಹುದು. ಅನೈತಿಕವಾದುದೇನೂ ತನ್ನಲ್ಲಿಲ್ಲವೆಂದು ಆಕೆಯು ಪತ್ರವನ್ನು ಮಡಿಸಿ ಇಡುವಳು; ಅವಳ ತೀರ್ಮಾನವು ಸರಿಯಾದುದೇ, ಬರಹವೇ ತಪ್ಪು. ರೋಗಾಣುವು ನೀತಿಯನ್ನು ವಿಚಾರಿಸುವುದಿಲ್ಲ. ಗಂಡನಿಂದ ಬಂದ ಕ್ಲಮೀಡಿಯವಾಗಲಿ ಗೊನೋರಿಯವಾಗಲಿ ಎಷ್ಟೋ ವೇಳೆ ಹೆಂಗಸಿನಲ್ಲಿ ಯಾವ ಚಿಹ್ನೆಯನ್ನೂ ತೋರದೆ ಗರ್ಭನಾಳಗಳನ್ನು ಕೆಡಿಸಿ ಬಂಜೆತನವನ್ನು ತರಬಲ್ಲದು. ಸಿಫಿಲಿಸಿನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ರೋಗವು ಮಾತ್ರ ಒಳಗೇ ಉಳಿದು ಗರ್ಭದ ಶಿಶುವನ್ನೂ ಮುಟ್ಟುತ್ತದೆ.

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಇವರು ಈ ಮೌನವನ್ನು ಮುರಿದವರಲ್ಲಿ ಅಗ್ರಗಣ್ಯರು. ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’ ಎಂಬ ಶೀರ್ಷಿಕೆಗಳಲ್ಲಿಯೇ ಅಕ್ಕನೊಬ್ಬಳ ಆತ್ಮೀಯತೆಯಿದೆ. ಗೋಡೆಬರಹದ ಬೆದರಿಕೆಗೂ ಇದಕ್ಕೂ ಅಜಗಜಾಂತರ. ಆದರೂ ಕಿವಿಮಾತು ವಧುವಿಗೆ ಸಂದಿತು. ವರನ ಕಿವಿಗೆ ಅದನ್ನು ಹೇಳುವ ಸಂಪ್ರದಾಯವು ಕನ್ನಡದಲ್ಲಿ ಅಷ್ಟಾಗಿ ಬೆಳೆಯಲಿಲ್ಲ. ಇದು ಆ ಲೇಖಿಕೆಯ ದೋಷವಲ್ಲ, ಓದುಗರನ್ನು ಹಾಗೆ ವಿಂಗಡಿಸಿದ ಸಮಾಜದ್ದು.

ಸರಕಾರದ ಭಾಷೆಯಲ್ಲಿ ಬೇರೊಂದು ನ್ಯೂನತೆಯಿದೆ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೆ ಮೊದಲಿಗನೆನಿಸಿತು. 1968ರಲ್ಲಿ ಭಾರತ ಸರಕಾರವು ರಬ್ಬರಿನ ಚೀಲವನ್ನು ‘ನಿರೋಧ್’ ಎಂಬ ಹೆಸರಿನಿಂದ ಮೂರಕ್ಕೆ 15 ಪೈಸೆಯಂತೆ ಮಾರಾಟಕ್ಕಿಟ್ಟಿತು. ನಿರೋಧವೆಂದರೆ ತಡೆ, ಆದರೆ ಜನರು ಅದನ್ನು ಅರ್ಥಮಾಡಿಕೊಂಡದ್ದು ಮಕ್ಕಳ ತಡೆಯೆಂದು, ರೋಗದ ತಡೆಯೆಂದಲ್ಲ. ಇದರ ಪರಿಣಾಮವು ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡವರು. ಶಸ್ತ್ರಚಿಕಿತ್ಸೆಯಾದ ಮನೆಗೆ ನಿರೋಧ್ ಏತಕ್ಕೆ? ಪ್ರಶ್ನೆಯು ಸಹಜವಾಗಿದೆ, ಉತ್ತರವನ್ನು ಆ ಹೆಸರು ಹೇಳಲಾರದು. ಗರ್ಭವನ್ನು ತಡೆಯುವ ಶಸ್ತ್ರವೂ ಮಾತ್ರೆಯೂ ಎಚ್.ಐ.ವಿ.ಯನ್ನು ತಡೆಯಲಾರವು. ಪ್ರತಿ ಸಲವೂ, ಆರಂಭದಿಂದ ಕೊನೆಯವರೆಗೂ ಬಳಸಿದ ಕಾಂಡೋಮು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಕೊಬ್ಬರಿಯೆಣ್ಣೆ ಮೊದಲಾದ ಜಿಡ್ಡುಗಳು ರಬ್ಬರನ್ನು ಕೆಡಿಸುವುವು. ಚರ್ಮದ ಸ್ಪರ್ಶದಿಂದಲೇ ಹರಡುವ ಹರ್ಪಿಸ್, ಎಚ್.ಪಿ.ವಿ.ಗಳಿಗೆ ಅದರ ರಕ್ಷಣೆ ಪೂರ್ಣವಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್.ಪಿ.ವಿ.ಗೂ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ.ಗೂ ಲಸಿಕೆಗಳುಂಟು.

ಇತ್ತೀಚಿನ ಪದವಾದ ‘ಲೈಂಗಿಕ ಸೋಂಕು’ ಹಿಂದಿನವೆಲ್ಲಕ್ಕಿಂತ ಮೇಲು. ಸೋಂಕೆಂದರೆ ಹಳಗನ್ನಡದಿಂದಲೂ ಮುಟ್ಟುವಿಕೆ. ಅದರಲ್ಲಿ ನಿಂದೆಯಿಲ್ಲ, ಗುಟ್ಟಿಲ್ಲ. ಚಿಹ್ನೆಯಿಲ್ಲದೆಯೂ ಸೋಂಕು ಇರಬಲ್ಲದೆಂಬುದನ್ನು ‘ರೋಗ’ವೆಂಬ ಪದ ತಿಳಿಸಲಾರದು, ಇದು ತಿಳಿಸುತ್ತದೆ. ಸರಕಾರಿ ಆಸ್ಪತ್ರೆಗಳ ಪರೀಕ್ಷಾಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆಯು ಉಚಿತ, ರೋಗಿಯ ಒಪ್ಪಿಗೆ ಪಡೆಯಬೇಕೆಂದೂ ಫಲಿತಾಂಶವನ್ನು ಗೋಪ್ಯವಾಗಿಡಬೇಕೆಂದೂ 2017ರ ಶಾಸನವು ವಿಧಿಸಿದೆ. ಗುಪ್ತವಾಗಿಡಬೇಕಾದದ್ದು ಕಡತ, ರೋಗವಲ್ಲ. ಅಪಾಯದ ಸಂಪರ್ಕವಾಗಿದ್ದರೆ 72 ಗಂಟೆಗಳೊಳಗೆ ಔಷಧವನ್ನು ಆರಂಭಿಸಿ ಎಚ್.ಐ.ವಿ.ಯನ್ನು ತಡೆಯುವ ಕ್ರಮವೂ ಉಂಟು.

‘ಸುರಕ್ಷಾ’ ಎಂಬ ಹೆಸರಿನ ಚಿಕಿತ್ಸಾಲಯಗಳಲ್ಲಿ ಔಷಧಗಳನ್ನು ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಬಣ್ಣದ ಪೊಟ್ಟಣಗಳಲ್ಲಿ ವಿಂಗಡಿಸಿರುವರು. ಬಣ್ಣಕ್ಕೆ ನಾಚಿಕೆಯಿಲ್ಲ. ಆದರೆ ಒಬ್ಬರಿಗೆ ಮಾತ್ರ ಚಿಕಿತ್ಸೆ ನಡೆದರೆ ಸೋಂಕು ಮತ್ತೆ ಮನೆಗೆ ಬರುವುದರಿಂದ ದಂಪತಿಗಳಿಬ್ಬರೂ ಹೋಗಬೇಕಾಗುತ್ತದೆ. ಹೋಗೋಣವೆಂದು ಒಬ್ಬರು ಇನ್ನೊಬ್ಬರಿಗೆ ಹೇಳುವಾಗ ಬಣ್ಣದ ಹೆಸರು ಸಾಲದು.